ತಪ್ಪು ಅಕ್ಷಾಂಶ, ರೇಖಾಂಶಕ್ಕೆ ತಕ್ಕ ದೋಷ ಸಂದೇಶ: ಯಾವ ಡೇಟಾಬೇಸ್, ಯಾವ ದಾರಿ?

ಕಬ್ಬಿನ ಹೊಲ, ದ್ರಾಕ್ಷಿ ತೋಟ, ಕೊಳವೆಬಾವಿ, ಓವರ್‌ಹೆಡ್ ಟ್ಯಾಂಕ್. ಈಗ ಯಾವುದರ ಲೆಕ್ಕ ಬರೆದರೂ ಪಕ್ಕದಲ್ಲಿ ಅಕ್ಷಾಂಶ, ರೇಖಾಂಶ ಇರಲೇಬೇಕು. ಬೆಳಗಾವಿ, ಬಾಗಲಕೋಟೆ, ವಿಜಯಪುರದಲ್ಲಿ ಈ ಕೆಲಸ ಮಾಡುವ ಗೆಳೆಯರು ಕೆಲವು ತಿಂಗಳಿಂದ ಕೇಳುತ್ತಿರುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. ತಪ್ಪು ಸ್ಥಳ ಬಂದಾಗ ಡೇಟಾಬೇಸ್ ಕೊಡುವ ಸಂದೇಶ ಯಾರಿಗೂ ಅರ್ಥವಾಗುವುದಿಲ್ಲ. ಹಾಗಾದರೆ ಮೈಎಸ್‌ಕ್ಯುಎಲ್ ಡೇಟಾಬೇಸ್ ಬಿಟ್ಟು ಪೋಸ್ಟ್‌ಜಿಐಎಸ್‌ಗೆ (ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿಗೆ ನಕ್ಷೆಯ ಲೆಕ್ಕ ಕಲಿಸುವ ಸೇರ್ಪಡೆಗೆ) ಹೋಗಬೇಕೇ, ಇರುವಲ್ಲೇ ಚೆಕ್ ನಿಬಂಧನೆ (ಅಂಕಿ ಇಷ್ಟರೊಳಗೇ ಇರಬೇಕೆಂಬ ನಿಯಮ) ಹಾಕಿದರೆ ಸಾಕೇ, ಟ್ರಿಗರ್ (ಸಾಲು ಉಳಿಸುವಾಗ ತಾನಾಗಿ ಓಡುವ ಪುಟ್ಟ ಕೋಡ್) ಬರೆಯಬೇಕೇ, ಎಲ್ಲವನ್ನೂ ಮೊಬೈಲ್ ಆ್ಯಪಿನಲ್ಲೇ ತಡೆದುಬಿಡಬೇಕೇ?

ಉತ್ತರಕ್ಕೆ ಮುಂಚೆ, ಈ ವಿಷಯ ನನಗೇಕೆ ಇಷ್ಟು ಮುಖ್ಯವಾಯಿತು ಎಂದು ಹೇಳುತ್ತೇನೆ. ಮೂರು ಹಂಗಾಮಿನ ಹಿಂದೆ ಬಾಗಲಕೋಟೆ ಜಿಲ್ಲೆಯಲ್ಲಿ ಕಬ್ಬಿನ ಹೊಲಗಳ ನೋಂದಣಿಗೆ ಒಂದು ಸಣ್ಣ ತಂತ್ರಾಂಶ ಬರೆಯುವ ತಂಡದಲ್ಲಿ ನಾನಿದ್ದೆ. ಕ್ಷೇತ್ರ ಸಹಾಯಕರು ಬದುವಿನ ಮೇಲೆ ನಿಂತು ಮೊಬೈಲಿನಲ್ಲಿ ಹೊಲದ ಸ್ಥಳ ತುಂಬಬೇಕಿತ್ತು. ಅಂಕಿ ತಪ್ಪಿದರೆ ಪರದೆಯ ಮೇಲೆ ಬರುತ್ತಿದ್ದುದು ಇಷ್ಟೇ: ‘ದೋಷ 23514. ಮತ್ತೆ ಪ್ರಯತ್ನಿಸಿ.’ ಒಬ್ಬ ಹುಡುಗ ಮಧ್ಯಾಹ್ನದ ಬಿಸಿಲಿನಲ್ಲಿ ಆರೇಳು ಸಲ ಪ್ರಯತ್ನಿಸಿದ. ಏನು ತಪ್ಪಾಗಿದೆ ಎಂದು ಅವನಿಗೆ ಯಾರೂ ಹೇಳಲಿಲ್ಲ. ತರಬೇತಿಯ ದಿನ ಕಾರ್ಖಾನೆಯ ವೇಬ್ರಿಡ್ಜ್ (ಲಾರಿ ತೂಗುವ ಕಟ್ಟೆ) ಬಳಿ ನಿಂತು ತುಂಬಿದ್ದ ಅಂಕಿಯನ್ನು ಯಂತ್ರ ಒಪ್ಪಿಕೊಂಡಿದ್ದು ನೆನಪಾಯಿತು. ಅದನ್ನೇ ಹೊಲದಿಂದ ಹೊಲಕ್ಕೆ ನಕಲು ಮಾಡುತ್ತಾ ಹೋದ. ಕಟಾವಿನ ದಿನ ನಕ್ಷೆ ತೆರೆದರೆ ಇಪ್ಪತ್ತಕ್ಕೂ ಹೆಚ್ಚು ರೈತರ ಹೊಲಗಳು ವೇಬ್ರಿಡ್ಜಿನ ಮೇಲೆ ಒಂದರ ಮೇಲೊಂದು ಕೂತಿದ್ದವು. ಕಟಾವು ತಂಡ ಟ್ರ್ಯಾಕ್ಟರ್ ಸಮೇತ ರಸ್ತೆಯಲ್ಲಿ ಕಾಯುತ್ತಿತ್ತು. ಆ ಹುಡುಗನ ತಪ್ಪು ಅದರಲ್ಲಿ ಏನೂ ಇರಲಿಲ್ಲ. ತಪ್ಪಿದ್ದುದು ನಾವು ಕೊಟ್ಟ ಸಂದೇಶದಲ್ಲಿ. ಕೆಟ್ಟ ಸಂದೇಶ ಕೆಟ್ಟ ದತ್ತಾಂಶವನ್ನು ತಡೆಯುವುದಿಲ್ಲ. ಯಾವ ಅಂಕಿ ಕೊಟ್ಟರೆ ಯಂತ್ರ ಸುಮ್ಮನಾಗುತ್ತದೆ ಎಂಬುದನ್ನು ಜನರಿಗೆ ಕಲಿಸುತ್ತದೆ.

ಯಾವ ಅಳತೆಗೋಲು ಹಿಡಿದು ನೋಡೋಣ

ಮೊದಲನೆಯದು, ಸಂದೇಶದಲ್ಲಿ ಮೂರು ಸಂಗತಿ ಇರಬೇಕು: ಏನು ಬಂದಿದೆ, ಏನು ಬರಬೇಕಿತ್ತು, ಯಾವ ಸಾಲಿನಲ್ಲಿ. ‘ಅಮಾನ್ಯ ಸ್ಥಳ’ ಎಂಬ ಸಂದೇಶ ಈ ಮೂರರಲ್ಲಿ ಒಂದನ್ನೂ ಹೇಳುವುದಿಲ್ಲ.

ಎರಡನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ತಪ್ಪನ್ನು ತಿದ್ದಬಲ್ಲವನಿಗೆ, ಅವನು ತಿದ್ದಬಲ್ಲ ಹೊತ್ತಿನಲ್ಲಿ, ಅವನ ಭಾಷೆಯಲ್ಲಿ ಸಂದೇಶ ಮುಟ್ಟಬೇಕು. ಹೊಲದಲ್ಲಿ ನಿಂತಾಗ ಬಂದ ಸಂದೇಶಕ್ಕೆ ಬೆಲೆ ಇದೆ. ಅವನು ಊರಿಗೆ ಮರಳಿ ಊಟ ಮಾಡಿ ಮಲಗಿದ ಮೇಲೆ ಸರ್ವರಿನ ಲಾಗ್ ಫೈಲಿನಲ್ಲಿ ಇಂಗ್ಲಿಷಿನಲ್ಲಿ ಬಿದ್ದ ಸಾಲಿಗೆ ಇಲ್ಲ.

ಮೂರನೆಯದು, ಎಲ್ಲ ಬಾಗಿಲೂ ಕಾಯಬೇಕು. ಮೊಬೈಲಿನಿಂದ ಬರುವುದು ಒಂದು ಬಾಗಿಲು. ಎಕ್ಸೆಲ್ ಹಾಳೆಯಿಂದ ಸುರಿಯುವುದು ಇನ್ನೊಂದು. ಕಚೇರಿಯಲ್ಲಿ ಯಾರೋ ನೇರವಾಗಿ ಟೇಬಲ್ ತೆರೆದು ತಿದ್ದುವುದು ಮತ್ತೊಂದು. ಜೊತೆಗೆ, ಸಂದೇಶದ ನೆಪದಲ್ಲಿ ರೈತನ ಫೋನ್ ನಂಬರು ಎಲ್ಲೆಂದರಲ್ಲಿ ಚೆಲ್ಲಬಾರದು. ಕೊನೆಗೆ, ಇದನ್ನು ಬರೆದವರು ಕೆಲಸ ಬಿಟ್ಟು ಹೋದ ಮೇಲೂ ಬಂದವರು ಓದಿ ತಿದ್ದುವಂತಿರಬೇಕು.

ನಮ್ಮ ಜಿಲ್ಲೆಗಳಿಗೇ ಅಂಟಿದ ತೊಂದರೆ

ವಿಜಯಪುರ ನಗರ ಇರುವುದು ಸುಮಾರು 16.83 ಅಕ್ಷಾಂಶ, 75.71 ರೇಖಾಂಶದಲ್ಲಿ. ಬಾಗಲಕೋಟೆ 16.18, 75.70; ಬೆಳಗಾವಿ 15.85, 74.50. ಇವನ್ನು ಅದಲುಬದಲು ಮಾಡಿ ನೋಡಿ. ಅಕ್ಷಾಂಶ 75.71, ರೇಖಾಂಶ 16.83 ಎಂಬುದು ಭೂಮಿಯ ಮೇಲಿನ ನಿಜವಾದ ಸ್ಥಳ; ನಾರ್ವೆಗೆ ಉತ್ತರದಲ್ಲಿ, ಸ್ವಾಲ್ಬಾರ್ಡ್ ದ್ವೀಪಗಳಿಗೆ ದಕ್ಷಿಣದಲ್ಲಿರುವ ತಣ್ಣನೆಯ ಸಮುದ್ರ. ಬೆಳಗಾವಿಯೂ ಬಾಗಲಕೋಟೆಯೂ ಹೋಗಿ ಬೀಳುವುದು ಅದೇ ಸಮುದ್ರಕ್ಕೆ.

ಡೇಟಾಬೇಸುಗಳು ಹುಟ್ಟಿನಿಂದಲೇ ಕಾಯುವ ಗಡಿ ಹೆಚ್ಚೆಂದರೆ ಒಂದೇ: ಅಕ್ಷಾಂಶ 90ನ್ನು ಮೀರಬಾರದು, ರೇಖಾಂಶ 180ನ್ನು ಮೀರಬಾರದು. ಗುವಾಹಟಿಯ ರೇಖಾಂಶ 91ಕ್ಕಿಂತ ಹೆಚ್ಚು. ಅಲ್ಲಿಯವರು ಅದಲುಬದಲು ಮಾಡಿದರೆ ಅಕ್ಷಾಂಶ 90 ದಾಟುತ್ತದೆ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಇಡೀ ಕರ್ನಾಟಕದ ರೇಖಾಂಶ ಸುಮಾರು 74ರಿಂದ 78.5ರೊಳಗೆ ಇರುವುದರಿಂದ ನಮ್ಮ ತಪ್ಪು ಸಿಗುವುದೇ ಇಲ್ಲ. ಡೇಟಾಬೇಸ್ ಬದಲಿಸಿದರೆ ಸಾಕು ಎಂದುಕೊಂಡವರು ಇದನ್ನು ಮೊದಲು ಮನಗಾಣಬೇಕು. ನಮ್ಮಲ್ಲಿ ಅತಿ ಹೆಚ್ಚು ನಡೆಯುವ ತಪ್ಪಿಗೆ ಯಾವ ಡೇಟಾಬೇಸೂ ತಾನಾಗಿ ಸಂದೇಶ ಕೊಡುವುದಿಲ್ಲ.

ಉಳಿದ ತಪ್ಪುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಜಿಪಿಎಸ್ ಹಿಡಿಯುವ ಮೊದಲೇ ಬಟನ್ ಒತ್ತಿದರೆ ಬರುವ 0, 0. ಅದು ಆಫ್ರಿಕಾದ ಪಶ್ಚಿಮಕ್ಕೆ ಗಿನಿ ಕೊಲ್ಲಿಯ ನೀರು. ಸರ್ವೆ ಮಾಡುವವರ ಟೋಟಲ್ ಸ್ಟೇಷನ್‌ನಿಂದ ಬರುವ ಮೀಟರ್ ಅಂಕಿಗಳು. ನಮ್ಮ ಮೂರೂ ಜಿಲ್ಲೆಗಳು ಯುಟಿಎಂ (ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರಿನಲ್ಲಿ ಅಳೆಯುವ ಪದ್ಧತಿ) 43ನೇ ವಲಯದಲ್ಲಿರುವುದರಿಂದ ವಿಜಯಪುರಕ್ಕೆ ಅದು ಸುಮಾರು 5,75,000 ಮತ್ತು 18,60,000 ಎಂದು ಕಾಣುತ್ತದೆ. ಕನ್ನಡ ಕೀಲಿಮಣೆಯಲ್ಲಿ ಒತ್ತಿದ ೧೬.೮೩. ಇನ್ನು ಎಲ್ಲಕ್ಕಿಂತ ಕಳ್ಳ ತಪ್ಪು ಎಂದರೆ 16 ಡಿಗ್ರಿ 50 ನಿಮಿಷವನ್ನು 16.50 ಎಂದು ಬರೆಯುವುದು. ನಿಜವಾಗಿ ಅದು 16.83 ಆಗಬೇಕು. ವ್ಯತ್ಯಾಸ 0.33 ಡಿಗ್ರಿ, ಅಂದರೆ ಸುಮಾರು 37 ಕಿಲೋಮೀಟರ್ ದಕ್ಷಿಣ. ಹೊಲ ಜಿಲ್ಲೆಯೊಳಗೇ ಉಳಿಯುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ.

ಡೇಟಾಬೇಸಿನ ಸ್ವಂತ ಸಂದೇಶವನ್ನೇ ನಂಬಿದರೆ

ಮೈಎಸ್‌ಕ್ಯುಎಲ್ 2018ರ 8.0 ಆವೃತ್ತಿಯಿಂದ ಈ ವಿಷಯದಲ್ಲಿ ಬಹಳ ಸುಧಾರಿಸಿದೆ. ಎಸ್‌ಆರ್‌ಐಡಿ 4326 (ಜಿಪಿಎಸ್ ಬಳಸುವ ಅಕ್ಷಾಂಶ, ರೇಖಾಂಶ ಪದ್ಧತಿಯ ಗುರುತು ಸಂಖ್ಯೆ) ಎಂದು ಹೇಳಿ ಕೊಟ್ಟ ಬಿಂದುವಿನ ಅಕ್ಷಾಂಶ ಮಿತಿ ಮೀರಿದರೆ ಎಷ್ಟು ಬಂದಿದೆ, ಯಾವ ಫಂಕ್ಷನ್‌ನಲ್ಲಿ ಬಂದಿದೆ, ಎಷ್ಟರಿಂದ ಎಷ್ಟರವರೆಗೆ ಇರಬೇಕು ಎಂಬುದನ್ನೆಲ್ಲ ಹೇಳುತ್ತದೆ. ಕಾಲಂಗೆ ಒಂದು ಎಸ್‌ಆರ್‌ಐಡಿ, ಬಂದ ಬಿಂದುವಿಗೆ ಇನ್ನೊಂದು ಆದಾಗಲೂ ಎರಡನ್ನೂ ಹೆಸರಿಸಿ, ಯಾವುದನ್ನು ಬದಲಿಸಬಹುದು ಎಂದು ಸೂಚಿಸುತ್ತದೆ. ಇಷ್ಟು ಒಳ್ಳೆಯ ಸಂದೇಶದ ಪಕ್ಕದಲ್ಲೇ ಹಳೆಯ 1416 ಸಂಖ್ಯೆಯ ದೋಷ ಇನ್ನೂ ಬದುಕಿದೆ: ನೀವು ಕಳುಹಿಸಿದ್ದರಿಂದ ಜಿಯೊಮೆಟ್ರಿ ವಸ್ತು ಸಿಗಲಿಲ್ಲ, ಅಷ್ಟೇ. ಏಕೆ ಸಿಗಲಿಲ್ಲ ಎಂದು ಕೇಳಬೇಡಿ. ಇನ್ನೊಂದು ಎಚ್ಚರಿಕೆ: 4326ರಲ್ಲಿ ಮೈಎಸ್‌ಕ್ಯುಎಲ್ ಪಠ್ಯರೂಪದ ಬಿಂದುವಿನಲ್ಲಿ ಅಕ್ಷಾಂಶವನ್ನು ಮೊದಲು ನಿರೀಕ್ಷಿಸುತ್ತದೆ. ಪೋಸ್ಟ್‌ಜಿಐಎಸ್, ಮಾಂಗೋಡಿಬಿ ಎಂಬ ಇನ್ನೊಂದು ಡೇಟಾಬೇಸ್ ಎರಡೂ ರೇಖಾಂಶವನ್ನು ಮೊದಲು ಕೇಳುತ್ತವೆ. ಒಂದರಿಂದ ಇನ್ನೊಂದಕ್ಕೆ ದತ್ತಾಂಶ ಸಾಗಿಸುವಾಗ ಇಡೀ ತಾಲ್ಲೂಕು ಸಮುದ್ರಕ್ಕೆ ಹೋಗುವುದು ಹೀಗೆಯೇ.

ಪೋಸ್ಟ್‌ಜಿಐಎಸ್‌ನಲ್ಲಿ ಜಿಯೊಮೆಟ್ರಿ ಎಂಬ ಪ್ರಕಾರಕ್ಕೆ ಭೂಮಿಯ ಮಿತಿಯ ಪರಿವೆಯೇ ಇಲ್ಲ. 5,75,000 ಎಂದು ಕೊಟ್ಟರೂ ಸುಮ್ಮನೆ ಇಟ್ಟುಕೊಳ್ಳುತ್ತದೆ. ಜಿಯಾಗ್ರಫಿ ಎಂಬ ಪ್ರಕಾರ ಇನ್ನೂ ಅಪಾಯಕಾರಿ ಎಂದು ನನ್ನ ಅಭಿಪ್ರಾಯ. ಮಿತಿ ಮೀರಿದ ಅಂಕಿಯನ್ನು ಅದು ತಾನೇ ಎಳೆದು ಮಿತಿಯೊಳಗೆ ಕೂರಿಸುತ್ತದೆ, ಒಂದು ನೋಟಿಸ್ ಮಾತ್ರ ಕೊಡುತ್ತದೆ. ದೋಷವಲ್ಲ, ನೋಟಿಸ್. ಹೆಚ್ಚಿನ ಆ್ಯಪ್‌ಗಳು ನೋಟಿಸನ್ನು ಓದುವುದೇ ಇಲ್ಲ. ಸಾಲು ಒಳಗೆ ಹೋಗಿರುತ್ತದೆ, ಹೊಲ ಎಲ್ಲೋ ಇರುತ್ತದೆ. ಆದರೆ ಬರಹ ತಪ್ಪಿದಾಗ, ಉದಾಹರಣೆಗೆ ಆವರಣ ಮುಚ್ಚದೇ ಹೋದಾಗ, ಎಷ್ಟನೆಯ ಅಕ್ಷರದಲ್ಲಿ ಎಡವಿದೆ ಎಂದು ಬೊಟ್ಟು ಮಾಡಿ ತೋರಿಸುತ್ತದೆ. ತಂತ್ರಾಂಶ ಬರೆಯುವವರಿಗೆ ಅದು ದೊಡ್ಡ ಉಪಕಾರ.

ಹೊಲದ ಗಡಿಯನ್ನೇ ಎಳೆಯುವವರಿಗೆ ಪೋಸ್ಟ್‌ಜಿಐಎಸ್‌ಗೆ ಸಾಟಿ ಇಲ್ಲ. ನಾಲ್ಕು ಮೂಲೆಗಳನ್ನು ಸುತ್ತುವ ಬದಲು ಎದುರುಬದುರು ಮೂಲೆಗೆ ಹೋಗಿ ಬಟನ್ ಒತ್ತಿದರೆ ಹೊಲ ಡಮರುವಿನ ಆಕಾರಕ್ಕೆ ತಿರುಚಿಕೊಳ್ಳುತ್ತದೆ. ಇಂಥದ್ದನ್ನೂ ಪೋಸ್ಟ್‌ಜಿಐಎಸ್ ಸುಮ್ಮನೆ ಒಳಗೆ ಬಿಟ್ಟುಕೊಳ್ಳುತ್ತದೆ, ನಿಜ. ಆದರೆ ನೀವು ಕೇಳಿದರೆ ಎಸ್‌ಟಿ_ಈಸ್‌ವ್ಯಾಲಿಡ್‌ರೀಸನ್ ಎಂಬ ಫಂಕ್ಷನ್ ಯಾವ ಬಿಂದುವಿನಲ್ಲಿ ಗೆರೆ ಗೆರೆಯನ್ನು ಕತ್ತರಿಸಿದೆ ಎಂದು ಅಂಕಿ ಸಮೇತ ಹೇಳುತ್ತದೆ. ಮೈಎಸ್‌ಕ್ಯುಎಲ್‌ನ ಇಂಥದೇ ಫಂಕ್ಷನ್ ಹೌದು, ಇಲ್ಲ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ.

ಮಾಂಗೋಡಿಬಿ 2ಡಿಸ್ಫಿಯರ್ ಸೂಚಿ (ಸ್ಥಳದ ಹುಡುಕಾಟಕ್ಕೆ ಹಾಕುವ ಇಂಡೆಕ್ಸ್) ಇದ್ದಾಗ ಮಾತ್ರ ಕಾಯುತ್ತದೆ. ಮಿತಿ ಮೀರಿದರೆ ಯಾವ ರೇಖಾಂಶ, ಯಾವ ಅಕ್ಷಾಂಶ ಬಂತೆಂದು ತೋರಿಸುತ್ತದೆ. ಗಡಿಯ ಗೆರೆಗಳು ಕತ್ತರಿಸಿದರೆ ಎಷ್ಟನೆಯ ಅಂಚು ಎಷ್ಟನೆಯದನ್ನು ದಾಟಿದೆ ಎಂದೂ ಹೇಳುತ್ತದೆ. 5.0 ಆವೃತ್ತಿಯಿಂದ ಸ್ಕೀಮಾ ನಿಯಮ (ದತ್ತಾಂಶದ ರೂಪ ಹೇಗಿರಬೇಕೆಂಬ ನಿಯಮ) ಮುರಿದಾಗ ಯಾವ ನಿಯಮ, ಯಾವ ಮೌಲ್ಯ ಎಂಬ ವಿವರವೂ ಬರುತ್ತದೆ. ಈಗಾಗಲೇ ಅದರಲ್ಲಿ ಕೆಲಸ ಮಾಡುತ್ತಿರುವವರು ಬಿಟ್ಟು ಓಡಬೇಕಿಲ್ಲ.

ಈ ಎಲ್ಲ ಸಂದೇಶಗಳೂ ತಂತ್ರಾಂಶ ಬರೆಯುವವರಿಗಾಗಿ ಬರೆದವು. ನನ್ನ ಎರಡನೆಯ ಅಳತೆಗೋಲಿನಲ್ಲಿ ಮೂರೂ ಸೋಲುತ್ತವೆ. ಆದ್ದರಿಂದ ಸಂದೇಶ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಡೇಟಾಬೇಸ್ ಬದಲಿಸಲು ಹೋಗಬೇಡಿ. ಗಡಿ, ವಿಸ್ತೀರ್ಣ, ತಾಲ್ಲೂಕಿನ ಒಳಗೋ ಹೊರಗೋ ಎಂಬ ಲೆಕ್ಕ ನಿಮಗೆ ಬೇಕಿದ್ದರೆ ಮಾತ್ರ ಪೋಸ್ಟ್‌ಜಿಐಎಸ್‌ಗೆ ಹೋಗುವ ಶ್ರಮ ಸಾರ್ಥಕ.

ಚೆಕ್ ನಿಬಂಧನೆ: ಹೆಸರೇ ಸಂದೇಶ

ಅತಿ ಅಗ್ಗದ ದಾರಿ ಇದು. ಮೂರು ಜಿಲ್ಲೆಗಳೂ ಸುಮಾರು 15.3ರಿಂದ 17.5 ಅಕ್ಷಾಂಶ, 74ರಿಂದ 76.5 ರೇಖಾಂಶದೊಳಗೆ ಬರುತ್ತವೆ. ಸ್ವಲ್ಪ ಸಡಿಲ ಬಿಟ್ಟು ಎರಡು ಮಿತಿಗಳನ್ನು ಬರೆದರೆ ಅದಲುಬದಲು, ಸೊನ್ನೆ, ಮೀಟರ್ ಮೂರೂ ಒಂದೇ ಏಟಿಗೆ ನಿಲ್ಲುತ್ತವೆ. ಅರ್ಧ ಗಂಟೆಯ ಕೆಲಸ. ಮೊಬೈಲ್, ಎಕ್ಸೆಲ್, ನೇರ ತಿದ್ದುಪಡಿ ಎಂಬ ಮೂರೂ ಬಾಗಿಲಿಗೆ ಒಂದೇ ಬೀಗ.

ಆದರೆ ಸಡಿಲ ಎಷ್ಟು ಬಿಡಬೇಕು ಎಂಬುದನ್ನು ಕುಳಿತು ಯೋಚಿಸಿ. ನಿಪ್ಪಾಣಿ, ಅಥಣಿ, ಚಡಚಣದ ಕಡೆ ಮನೆ ಇತ್ತ, ಹೊಲ ಮಹಾರಾಷ್ಟ್ರದಲ್ಲಿ ಇರುವವರು ಎಷ್ಟೋ ಜನ. ಅವರ ಸರಿಯಾದ ಸ್ಥಳವನ್ನು ತಪ್ಪು ಎಂದು ತಿರಸ್ಕರಿಸಿದರೆ ಮತ್ತೆ ವೇಬ್ರಿಡ್ಜಿನ ಕಥೆಯೇ.

ಪೋಸ್ಟ್‌ಗ್ರೆಸ್ ಚೆಕ್ ಮುರಿದಾಗ ನಿಬಂಧನೆಯ ಹೆಸರನ್ನು ಹೇಳುತ್ತದೆ. ಹಾಗಾಗಿ ಹೆಸರನ್ನೇ ಕನ್ನಡದಲ್ಲಿ ಅರ್ಥವಾಗುವಂತೆ ಇಟ್ಟರೆ ಅದೇ ಒಂದು ಪುಟ್ಟ ಸಂದೇಶವಾಗುತ್ತದೆ. ನಾನು ಇಟ್ಟ ಮೊದಲ ಹೆಸರು ಅಕ್ಷಾಂಶ_ರೇಖಾಂಶ_ಅದಲುಬದಲು. ಟೇಬಲ್ ತೆರೆದು ನೋಡಿದರೆ ಕೊನೆಯ ಉಕಾರ ಕಾಣೆಯಾಗಿ ‘ಅದಲುಬದಲ’ ಎಂದು ನಿಂತಿತ್ತು. ಪೋಸ್ಟ್‌ಗ್ರೆಸ್‌ನಲ್ಲಿ ಹೆಸರಿಗೆ 63 ಬೈಟ್‌ಗಳ ಮಿತಿ ಇದೆ. ಕನ್ನಡದ ಪ್ರತಿ ಅಕ್ಷರ, ಪ್ರತಿ ಸ್ವರಚಿಹ್ನೆ, ಪ್ರತಿ ಒತ್ತಿನ ಕೊಂಡಿಗೆ 3 ಬೈಟ್ ಬೇಕು. ನನ್ನ ಹೆಸರು 65 ಬೈಟ್ ಆಗಿತ್ತು. ಸಣ್ಣ ಹೆಸರು ಹುಡುಕಿ. ಮೈಎಸ್‌ಕ್ಯುಎಲ್‌ನಲ್ಲಿ 64 ಬೈಟ್ ಅಲ್ಲ, 64 ಅಕ್ಷರಚಿಹ್ನೆಗಳ ಅವಕಾಶವಿದೆ. ಈ ಒಂದು ವಿಷಯದಲ್ಲಿ ಕನ್ನಡಕ್ಕೆ ಅದು ಹೆಚ್ಚು ಉದಾರಿ. ಆದರೆ 8.0.16ಕ್ಕಿಂತ ಹಳೆಯ ಮೈಎಸ್‌ಕ್ಯುಎಲ್ ಚೆಕ್ ನಿಬಂಧನೆಯನ್ನು ಬಾಯಿಮಾತಿಗೆ ಒಪ್ಪಿಕೊಂಡು ಪಾಲಿಸುವುದೇ ಇಲ್ಲ. ಅಗ್ಗದ ಹೋಸ್ಟಿಂಗ್‌ನಲ್ಲಿರುವವರು ಮೊದಲು ಆವೃತ್ತಿಯ ಸಂಖ್ಯೆ ನೋಡಿಕೊಳ್ಳಿ.

ಇನ್ನೆರಡು ಮಾತು. ಖಾಲಿ ಮೌಲ್ಯವನ್ನು ಚೆಕ್ ತಡೆಯುವುದಿಲ್ಲ, ಅದಕ್ಕೆ ನಾಟ್ ನಲ್ (ಖಾಲಿ ಬಿಡಬಾರದು) ಎಂಬ ನಿಯಮ ಬೇರೆಯೇ ಹಾಕಬೇಕು. ಹಾಗೆಯೇ ಪೋಸ್ಟ್‌ಗ್ರೆಸ್ ಸೋತ ಸಾಲನ್ನು ವಿವರದ ಭಾಗದಲ್ಲಿ ತೋರಿಸುತ್ತದೆ. ಅದೇ ಸಾಲಿನಲ್ಲಿ ರೈತನ ಹೆಸರು, ಫೋನ್, ಬ್ಯಾಂಕ್ ಖಾತೆ ಇದ್ದರೆ ಅವೂ ಲಾಗ್ ಫೈಲಿಗೆ ಸೇರಿಬಿಡುತ್ತವೆ. ಸ್ಥಳದ ಟೇಬಲ್ಲನ್ನು ರೈತನ ಟೇಬಲ್ಲಿನಿಂದ ಬೇರೆ ಇಡುವುದು ಇದಕ್ಕೆ ಒಳ್ಳೆಯ ಪರಿಹಾರ. ಮೈಎಸ್‌ಕ್ಯುಎಲ್‌ನಲ್ಲಿ ಈ ಭಯವಿಲ್ಲ, ಅದು ಹೆಸರನ್ನಷ್ಟೇ ಹೇಳುತ್ತದೆ. ಆದರೆ ಅದೇ ಕಾರಣಕ್ಕೆ ಯಾವ ಅಂಕಿ ಬಂತೆಂದೂ ತಿಳಿಯುವುದಿಲ್ಲ.

ಟ್ರಿಗರ್: ನಿಮ್ಮ ಮಾತಿನಲ್ಲೇ

ಪೋಸ್ಟ್‌ಗ್ರೆಸ್‌ನ ಟ್ರಿಗರ್‌ನಲ್ಲಿ ರೈಸ್ ಎಕ್ಸೆಪ್ಷನ್ ಎಂಬ ಆದೇಶ ಬಳಸಿದರೆ ಮುಖ್ಯ ಸಂದೇಶ, ವಿವರ, ಸಲಹೆ ಎಂಬ ಮೂರು ಭಾಗಗಳನ್ನು ಬೇರೆಬೇರೆಯಾಗಿ ಬರೆಯಬಹುದು. ನಾನು ಈಗ ಬಳಸುವುದು ಹೀಗಿದೆ. ಸಂದೇಶ: ‘ಅಕ್ಷಾಂಶ 75.71 ಎಂದು ಬಂದಿದೆ. ನಮ್ಮ ಭಾಗದಲ್ಲಿ ಅದು 15ರಿಂದ 18ರೊಳಗೆ ಇರುತ್ತದೆ.’ ಸಲಹೆ: ‘ಅಕ್ಷಾಂಶ, ರೇಖಾಂಶ ಅದಲುಬದಲಾದಂತಿದೆ. ಎರಡನ್ನೂ ಬದಲಿಸಿ ಮತ್ತೆ ಉಳಿಸಿ.’ ಅಕ್ಷಾಂಶ 73ರಿಂದ 79ರೊಳಗೆ, ರೇಖಾಂಶ 11ರಿಂದ 19ರೊಳಗೆ ಇದ್ದರೆ ಮಾತ್ರ ಈ ಸಲಹೆ. ಎರಡೂ ಸೊನ್ನೆಯಾಗಿದ್ದರೆ ಬೇರೆ ಸಲಹೆ: ‘ಜಿಪಿಎಸ್ ಇನ್ನೂ ಹಿಡಿದಿಲ್ಲ. ಮರದ ನೆರಳಿನಿಂದ ಬಯಲಿಗೆ ಬಂದು ಒಂದು ನಿಮಿಷ ಕಾಯಿರಿ.’ ಲಕ್ಷಗಳಲ್ಲಿ ಬಂದರೆ: ‘ಇದು ಮೀಟರ್ ಅಂಕಿ, ಡಿಗ್ರಿಯಲ್ಲಿ ಕೊಡಿ.’

ಕಂಡುಹಿಡಿದ ಮೇಲೆ ತಾನೇ ತಿರುಗಿಸಿ ಇಟ್ಟುಕೊಳ್ಳಬಾರದೇ ಎಂದು ಹಲವರು ಕೇಳುತ್ತಾರೆ. ಬೇಡ. ಮೌನವಾಗಿ ತಿದ್ದುವ ಟ್ರಿಗರ್ ಇರುವ ಕಡೆ, ಆ್ಯಪಿನಲ್ಲಿರುವ ಮೂಲ ತಪ್ಪು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಪೋಸ್ಟ್‌ಜಿಐಎಸ್ ಇದ್ದರೆ ಟ್ರಿಗರ್ ತಾಲ್ಲೂಕಿನ ಗಡಿಯನ್ನೂ ನೋಡಬಹುದು. ಮೇಲೆ ಹೇಳಿದ 16.50ರ ತಪ್ಪು ಸಿಗುವುದು ಇಂಥ ಗಡಿ ಪರೀಕ್ಷೆಯಲ್ಲಿ: ‘ತಾಲ್ಲೂಕು ವಿಜಯಪುರ ಎಂದಿದೆ, ಸ್ಥಳ ಆ ಗಡಿಯಿಂದ ದೂರದಲ್ಲಿದೆ. ಡಿಗ್ರಿ, ನಿಮಿಷವನ್ನು ಚುಕ್ಕೆ ಹಾಕಿ ಬರೆದಿರಬಹುದೇ?’ ಗಡಿಯ ನಕ್ಷೆಗಳು ಕೂದಲೆಳೆಯಷ್ಟು ನಿಖರವಾಗಿರುವುದಿಲ್ಲವಾದ್ದರಿಂದ ಒಂದೆರಡು ಕಿಲೋಮೀಟರ್ ಸಡಿಲ ಬೇಕೇ ಬೇಕು.

ಮೈಎಸ್‌ಕ್ಯುಎಲ್‌ನಲ್ಲಿ ಇದೇ ಕೆಲಸಕ್ಕೆ ಸಿಗ್ನಲ್ ಎಂಬ ಆದೇಶ ಇದೆ. ಸಂದೇಶಕ್ಕೆ 128 ಅಕ್ಷರಚಿಹ್ನೆಗಳ ಮಿತಿ. ಸಲಹೆಗೆ ಬೇರೆ ಜಾಗವಿಲ್ಲ. ಸ್ಟ್ರಿಕ್ಟ್ ಮೋಡಿನಲ್ಲಿ (ನಿಯಮವನ್ನು ಬಿಗಿಯಾಗಿ ಪಾಲಿಸುವ ಸ್ಥಿತಿಯಲ್ಲಿ) ಮಿತಿ ಮೀರಿದರೆ ನಿಮ್ಮ ಸಂದೇಶದ ಬದಲು ‘ಸಂದೇಶ ಉದ್ದವಾಯಿತು’ ಎಂಬ ಇನ್ನೊಂದು ದೋಷವೇ ಬಂದು ಕೂರುತ್ತದೆ. ಕನ್ನಡದಲ್ಲಿ ಸ್ವರಚಿಹ್ನೆ, ಒತ್ತಕ್ಷರಗಳೂ ಎಣಿಕೆಗೆ ಸೇರುವುದರಿಂದ ಎರಡು ಚಿಕ್ಕ ವಾಕ್ಯಕ್ಕೇ ಜಾಗ ಮುಗಿಯುತ್ತದೆ. ಹಂಚಿಕೆಯ ಹೋಸ್ಟಿಂಗ್‌ನಲ್ಲಿ ಇನ್ನೊಂದು ಅಡ್ಡಿ: ಬೈನರಿ ಲಾಗ್ (ಬದಲಾವಣೆಗಳ ದಾಖಲೆ) ಚಾಲೂ ಇದ್ದರೆ ಸೂಪರ್ ಎಂಬ ಆಡಳಿತಗಾರನ ಅಧಿಕಾರವಿಲ್ಲದೆ ಟ್ರಿಗರ್ ಮಾಡಲು ಬಿಡದೆ 1419 ಎಂಬ ದೋಷ ಕೊಡುತ್ತದೆ. ಹಣ ಕಟ್ಟುವ ಮೊದಲು ಹೋಸ್ಟಿಂಗ್‌ನವರನ್ನು ಇದನ್ನೊಂದು ಕೇಳಿ.

ಟ್ರಿಗರ್‌ನ ದೊಡ್ಡ ಮಿತಿ ಬೇರೆಯೇ ಇದೆ. ೧೬.೮೩ ಎಂಬ ಪಠ್ಯ ಅಂಕಿಯಾಗಿ ಬದಲಾಗುವುದು ಟ್ರಿಗರ್ ಓಡುವುದಕ್ಕೂ ಮುಂಚೆ. ಅಲ್ಲಿಯೇ ಎಡವಿದರೆ ನಿಮ್ಮ ಸುಂದರ ಕನ್ನಡ ಸಂದೇಶಕ್ಕೆ ಬಾಯಿ ತೆರೆಯುವ ಅವಕಾಶವೇ ಸಿಗುವುದಿಲ್ಲ.

ಕಚ್ಚಾ ಟೇಬಲ್

ಎಪಿಎಂಸಿಯ ಅಂಗಡಿಗಳಲ್ಲಿ ಮೊದಲು ಕಚ್ಚಾ ಚೀಟಿ ಬರೆದು ಆಮೇಲೆ ಪಕ್ಕಾ ಲೆಕ್ಕಕ್ಕೆ ಏರಿಸುವುದನ್ನು ನೀವು ನೋಡಿರುತ್ತೀರಿ. ಎಕ್ಸೆಲ್ ಹಾಳೆಗಳಿಂದ ನೂರಾರು ಸಾಲು ಒಟ್ಟಿಗೆ ತರುವವರಿಗೆ ನಾನು ಹೇಳುವ ದಾರಿ ಅದೇ. ಎಲ್ಲ ಕಾಲಂಗಳೂ ಬರೀ ಪಠ್ಯವಾಗಿರುವ ಒಂದು ಟೇಬಲ್ ಮಾಡಿ, ಬಂದದ್ದನ್ನೆಲ್ಲ ಹಾಗೆಯೇ ಅದಕ್ಕೆ ಸುರಿಯಿರಿ. ‘ಕಾರಣ’ ಎಂಬ ಇನ್ನೊಂದು ಕಾಲಂ ಇರಲಿ. ಒಂದೊಂದೇ ಪರೀಕ್ಷೆ ನಡೆಸಿ, ಸೋತ ಸಾಲುಗಳ ಎದುರು ಕಾರಣ ಬರೆಯುತ್ತಾ ಹೋಗಿ. ಕಾರಣ ಖಾಲಿ ಉಳಿದ ಸಾಲುಗಳು ಮಾತ್ರ ಪಕ್ಕಾ ಟೇಬಲ್ಲಿಗೆ. ಉಳಿದವನ್ನು ಕಾರಣ ಸಮೇತ ಮತ್ತೆ ಎಕ್ಸೆಲ್ ಮಾಡಿ, ಕಳುಹಿಸಿದವರಿಗೇ ಮರಳಿಸಿ.

ಇದರ ಲಾಭ ಕೆಲಸ ಮಾಡಿದಾಗಲೇ ಗೊತ್ತಾಗುತ್ತದೆ. ಮುನ್ನೂರು ಸಾಲಿನಲ್ಲಿ ನಲವತ್ತು ತಪ್ಪಿದ್ದರೆ ಚೆಕ್, ಟ್ರಿಗರ್ ಎರಡೂ ಮೊದಲ ತಪ್ಪಿಗೇ ಇಡೀ ಆಮದನ್ನು ನಿಲ್ಲಿಸುತ್ತವೆ. ತಿದ್ದಿ ಮತ್ತೆ ಓಡಿಸಿದರೆ ಎರಡನೆಯ ತಪ್ಪು. ಪೋಸ್ಟ್‌ಗ್ರೆಸ್ 17ರಲ್ಲಿ ಫೈಲಿನಿಂದ ಸಾಲು ತುಂಬುವ ಕಾಪಿ ಆದೇಶಕ್ಕೆ ತಪ್ಪು ಸಾಲು ಬಿಟ್ಟು ಮುಂದೆ ಹೋಗುವ ಆಯ್ಕೆ ಬಂದಿದೆ, ಆದರೆ ಅದು ಅಂಕಿಯಾಗದ ಪಠ್ಯಕ್ಕೆ ಅನ್ವಯಿಸುತ್ತದೆಯೇ ಹೊರತು ಚೆಕ್ ಮುರಿದ ಸಾಲಿಗಲ್ಲ. ಕಚ್ಚಾ ಟೇಬಲ್ ನಲವತ್ತನ್ನೂ ಒಂದೇ ಸಲಕ್ಕೆ ಹೇಳುತ್ತದೆ. ಒಂದೇ ಬಿಂದುವಿನ ಮೇಲೆ ಹತ್ತು ಹೊಲ ಕೂತಿವೆ ಎಂಬ ವೇಬ್ರಿಡ್ಜ್ ತಪ್ಪನ್ನೂ ಇಲ್ಲಿ ಒಂದು ಗುಂಪು ಎಣಿಕೆಯಲ್ಲಿ ಹಿಡಿಯಬಹುದು. ಪೋಸ್ಟ್‌ಗ್ರೆಸ್ 16ರಿಂದ ಪಿಜಿ_ಇನ್‌ಪುಟ್_ಈಸ್_ವ್ಯಾಲಿಡ್ ಎಂಬ ಫಂಕ್ಷನ್ ಇದೆ. ಒಂದು ಪಠ್ಯ ಅಂಕಿಯಾಗಬಲ್ಲದೇ ಎಂಬುದನ್ನು ದೋಷ ಎಬ್ಬಿಸದೆ ಹೇಳುತ್ತದೆ. ಈ ಕೆಲಸಕ್ಕೆಂದೇ ಮಾಡಿದಂತಿದೆ.

ಕೊರತೆ ಒಂದೇ, ಅದು ದೊಡ್ಡದು: ಸಂದೇಶ ತಡವಾಗಿ ತಲುಪುತ್ತದೆ. ಮುದ್ದೇಬಿಹಾಳದ ಹೊಲದಿಂದ ವಾಪಸು ಬಂದವನಿಗೆ ಮರುದಿನ ಪಟ್ಟಿ ಕೊಟ್ಟರೆ ಅವನು ಮತ್ತೆ ಅಷ್ಟು ದೂರ ಹೋಗಬೇಕು. ಕಚೇರಿಯಲ್ಲಿ ಯಾರಾದರೂ ಪ್ರತಿದಿನ ಆ ಪಟ್ಟಿ ನೋಡುವ ಜವಾಬ್ದಾರಿ ಹೊರದಿದ್ದರೆ ಕಚ್ಚಾ ಟೇಬಲ್ ಬರೀ ಕಸದ ಬುಟ್ಟಿಯಾಗುತ್ತದೆ.

ಒಂದೇ ಲ್ಯಾಪ್‌ಟಾಪಿನಲ್ಲಿ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್ ಇಟ್ಟುಕೊಂಡವರಿಗೂ ಈ ದಾರಿ ಹೊಂದುತ್ತದೆ. ಪಕ್ಕಾ ಟೇಬಲ್ಲನ್ನು ಮಾತ್ರ ಸ್ಟ್ರಿಕ್ಟ್ ಎಂದು ಘೋಷಿಸಿ (3.37 ಆವೃತ್ತಿಯಿಂದ ಸಾಧ್ಯ), ಇಲ್ಲದಿದ್ದರೆ ಅಂಕಿಯ ಕಾಲಂನಲ್ಲಿ ಅದು ಪಠ್ಯವನ್ನೂ ಮರುಮಾತಿಲ್ಲದೆ ಇಟ್ಟುಕೊಳ್ಳುತ್ತದೆ.

ಆ್ಯಪಿನಲ್ಲೇ ತಡೆಯುವುದು

ಹೊಲದಲ್ಲಿ ನಿಂತವನಿಗೆ ನೆಟ್‌ವರ್ಕ್ ಇಲ್ಲದಾಗಲೂ ಮಾತಾಡುವುದು ಇದೊಂದೇ. ಅಂಕಿ ಬರೆಸುವ ಬದಲು ನಕ್ಷೆಯ ಮೇಲೆ ಚುಕ್ಕೆ ತೋರಿಸಿ ‘ನೀವು ನಿಂತಿರುವುದು ಇಲ್ಲೇ ತಾನೇ?’ ಎಂದು ಕೇಳಬಹುದು. ಅದಕ್ಕಿಂತ ಸ್ಪಷ್ಟವಾದ ದೋಷ ಸಂದೇಶ ಇಲ್ಲ. ಕನ್ನಡ ಅಂಕಿ ಬರೆದವರಿಗೆ ದೋಷ ತೋರಿಸುವುದೇ ತಪ್ಪು ಎಂಬುದು ನನ್ನ ಗಟ್ಟಿ ನಿಲುವು. ಯೂನಿಕೋಡಿನಲ್ಲಿ ಹತ್ತೂ ಕನ್ನಡ ಅಂಕಿಗಳು ಸಾಲಾಗಿ ಕೂತಿವೆ. ೧೬ನ್ನು 16 ಮಾಡಲು ನಾಲ್ಕು ಸಾಲಿನ ಕೋಡ್ ಸಾಕು. ನಮ್ಮ ಭಾಷೆಯಲ್ಲಿ ಬರೆದವನನ್ನು ನಮ್ಮದೇ ತಂತ್ರಾಂಶ ತಪ್ಪುಗಾರ ಎನ್ನಬಾರದು.

ಆದರೆ ಆ್ಯಪ್ ಒಂದೇ ಬಾಗಿಲನ್ನು ಕಾಯುತ್ತದೆ. ಹಳೆಯ ಆವೃತ್ತಿಯ ಆ್ಯಪ್ ಇಟ್ಟುಕೊಂಡವರು, ಎಕ್ಸೆಲ್ ಕಳುಹಿಸುವವರು ಅದರ ಕಣ್ತಪ್ಪಿಸಿ ಒಳಗೆ ಬರುತ್ತಾರೆ. ಹಾಗಾಗಿ ಇದನ್ನು ಒಂಟಿಯಾಗಿ ಆರಿಸಬೇಡಿ. ಡೇಟಾಬೇಸಿನಲ್ಲಿ ಚೆಕ್ ಇರಲಿ, ಅದರ ಹೆಸರನ್ನು ಆ್ಯಪ್ ಗುರುತಿಸಿ ಕನ್ನಡ ವಾಕ್ಯವಾಗಿ ತಿರುಗಿಸಲಿ. ನಿಬಂಧನೆಯ ಹೆಸರು ಪೋಸ್ಟ್‌ಗ್ರೆಸ್‌ನ ದೋಷದೊಳಗೆ ಪ್ರತ್ಯೇಕ ಕ್ಷೇತ್ರವಾಗಿಯೇ ಬರುತ್ತದೆ, ಇಂಗ್ಲಿಷ್ ವಾಕ್ಯವನ್ನು ಕೆದಕಿ ಹುಡುಕಬೇಕಿಲ್ಲ.

ಯಾರಿಗೆ ಯಾವುದು

ಇಬ್ಬರೇ ಇರುವ ಕಚೇರಿ, ವರ್ಷಕ್ಕೆ ಕೆಲವು ನೂರು ಸಾಲು, ಎಲ್ಲವೂ ಎಕ್ಸೆಲ್‌ನಿಂದ: ಇರುವ ಡೇಟಾಬೇಸಿನಲ್ಲೇ ಕಚ್ಚಾ ಟೇಬಲ್ ಮತ್ತು ಎರಡು ಚೆಕ್. ಹಣದ ಖರ್ಚಿಲ್ಲ, ಎರಡು ದಿನದ ಕೆಲಸ. ಹಂಚಿಕೆಯ ಹೋಸ್ಟಿಂಗ್‌ನ ಮೈಎಸ್‌ಕ್ಯುಎಲ್ ಮೇಲೆ ಸಣ್ಣ ಜಾಲತಾಣ ನಡೆಸುವವರು ಟ್ರಿಗರ್‌ನ ಗೋಜಿಗೆ ಹೋಗದೆ, ಆವೃತ್ತಿ ನೋಡಿಕೊಂಡು ಚೆಕ್ ಹಾಕಿ, ಸಂದೇಶವನ್ನು ತಮ್ಮ ಕೋಡ್‌ನಲ್ಲಿ ಬರೆಯಲಿ.

ಹತ್ತಾರು ಕ್ಷೇತ್ರ ಸಹಾಯಕರು ಮೊಬೈಲ್ ಹಿಡಿದು ತಿರುಗುವ ಕಡೆ ಹಣವನ್ನು ಮೊದಲು ಆ್ಯಪಿನ ಮೇಲೆ ಹಾಕಿ, ಉಳಿದದ್ದನ್ನು ಚೆಕ್ ಮೇಲೆ. ಹೊಲದ ಗಡಿ, ವಿಸ್ತೀರ್ಣ, ತಾಲ್ಲೂಕುವಾರು ವರದಿ ಬೇಕಾದವರು, ಬೇರೆ ಬೇರೆ ಇಲಾಖೆ ಅಥವಾ ಸಂಸ್ಥೆಗಳಿಂದ ದತ್ತಾಂಶ ಪಡೆಯುವವರು ಸ್ವಂತ ಸರ್ವರ್ ತೆಗೆದುಕೊಂಡು ಪೋಸ್ಟ್‌ಜಿಐಎಸ್ ಹಾಕಲಿ. ಟ್ರಿಗರ್ ಮತ್ತು ಕಚ್ಚಾ ಟೇಬಲ್ ಎರಡೂ ಅವರಿಗೆ ಬೇಕು. ಟ್ರಿಗರ್ ಬರೆದವರು ಅದರ ಮೇಲೆಯೇ ನಾಲ್ಕು ಸಾಲು ಕನ್ನಡ ಟಿಪ್ಪಣಿ ಬರೆದಿಡಲಿ, ಮುಂದೆ ಬರುವವರಿಗೆ.

ಯಾವುದನ್ನೇ ಆರಿಸಿ, ಚಾಲನೆ ಕೊಡುವ ಮುಂಚೆ ಒಂದು ಮಧ್ಯಾಹ್ನ ತೆಗೆದಿಡಿ. ಗೋಳಗುಮ್ಮಟದ ಸ್ಥಳವನ್ನು, ಅಂದರೆ 16.83 ಮತ್ತು 75.74 ಅನ್ನು, ಆರು ರೀತಿಯಲ್ಲಿ ತಪ್ಪಾಗಿ ಬರೆದುಕೊಳ್ಳಿ: ಅದಲುಬದಲಾಗಿ, 16.50 ಆಗಿ, ಮೀಟರ್‌ನಲ್ಲಿ, ಕನ್ನಡ ಅಂಕಿಯಲ್ಲಿ, ಸೊನ್ನೆಯಾಗಿ, ಖಾಲಿಯಾಗಿ. ಹೊಲಕ್ಕೆ ಹೋಗುವ ಒಬ್ಬ ಸಹಾಯಕನ ಕೈಗೆ ಫೋನ್ ಕೊಟ್ಟು ಒಂದೊಂದಾಗಿ ತುಂಬಿಸಿ, ನೀವು ಏನೂ ಹೇಳದೆ ಪಕ್ಕದಲ್ಲಿ ಕುಳಿತುಕೊಳ್ಳಿ. ಯಾವ ಸಂದೇಶ ಓದಿದ ಮೇಲೆ ಅವನು ತಲೆ ಎತ್ತಿ ನಿಮ್ಮ ಮುಖ ನೋಡುತ್ತಾನೋ, ಆ ಸಂದೇಶವನ್ನು ಅಂದೇ ಸಂಜೆ ಮತ್ತೆ ಬರೆಯಿರಿ.